ಹಾಡುವ ಹಕ್ಕಿ, ಕುಣಿಯುವ ಕಪ್ಪೆ



ಚಾರ್ಮಾಡಿ ಘಟ್ಟದ ನೆತ್ತಿಯ ಮೇಲೆ ಕೊಟ್ಟಿಗೆಹಾರವೆಂಬ ಸಣ್ಣ ಊರೊಂದುಂಟು. ಅಲ್ಲಿಂದ ಕರಾವಳಿಯ ಕಡೆಗೆ ಇಳಿಯುವ ದಾರಿಯಲ್ಲಿ ಮಳೆಗಾಲದಲ್ಲಿ ಪ್ರಯಾಣ ಮಾಡಿದವರು, ಬಂಡೆಯಿಂದ ಬಂಡೆಗೆ ಧುಮುಕುತ್ತ ನೊರೆಗಟ್ಟಿ ಹರಿಯುವ ಹಳ್ಳಗಳನ್ನು ಕಂಡೇ ಇರುತ್ತಾರೆ. ಅಂತಹ ಹಳ್ಳವೊಂದರ ದಡದಲ್ಲಿ ಬೆಳಗಿನ ಜಾವ ನಿಂತು ಕಿವಿಗೊಟ್ಟರೆ, ನೀರಿನ ಭೋರ್ಗರೆತವನ್ನು ಸೀಳಿಕೊಂಡು ಒಂದು ಸಿಳ್ಳು ಕೇಳಿಬರುವುದು. ಯಾರೋ ಹುಡುಗನು ಪಾಠಶಾಲೆಗೆ ಹೋಗುವ ದಾರಿಯಲ್ಲಿ, ಮನಸ್ಸಿಗೆ ತೋಚಿದ ರಾಗವನ್ನು ಅಡ್ಡಾದಿಡ್ಡಿಯಾಗಿ ಸಿಳ್ಳು ಹಾಕುತ್ತ ನಡೆದಿರುವನೆಂದೇ ಹೊಸಬರು ಭ್ರಮಿಸುವರು. ಅದು ಹುಡುಗನಲ್ಲ, ಹಕ್ಕಿ. ಕನ್ನಡದಲ್ಲಿ ಅದಕ್ಕೆ ಸಿಳ್ಳಾರ ಎಂದು ಹೆಸರು. ಇಂಗ್ಲೀಷಿನವರು ಕೂಡ ಅದನ್ನು 'ಸಿಳ್ಳು ಹಾಕುವ ಶಾಲಾಬಾಲಕ' ಎಂಬ ಅರ್ಥದ ಹೆಸರಿನಿಂದ ಕರೆದಿದ್ದಾರೆ.

ಅದೇ ಹಳ್ಳದಲ್ಲಿ, ಅದೇ ಬಂಡೆಯ ಬುಡದಲ್ಲಿ, ಇನ್ನೊಂದು ಪ್ರಾಣಿ ವಾಸಿಸುತ್ತಿದೆ. ಅದು ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು ದೊಡ್ಡದಾದ ಒಂದು ಕಪ್ಪೆ. ನೆನೆದ ಕಲ್ಲಿನ ಬಣ್ಣ, ತರಗೆಲೆಯ ಬಣ್ಣ; ಅಲುಗಾಡದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಮಳೆ ಹಿಂದೆಗೆದು ಹಳ್ಳದ ನೀರು ಇಳಿಮುಖವಾದಾಗ ಅದರ ಗಂಡು ಒದ್ದೆ ಕಲ್ಲಿನ ಮೇಲೇರಿ ಕುಳಿತು, ಹಿಂಗಾಲೊಂದನ್ನು ಹಿಂದಕ್ಕೆ ನೀಡಿ, ಬೆರಳುಗಳ ನಡುವಣ ಪೊರೆಯನ್ನು ಬೀಸಣಿಗೆಯಂತೆ ಬಿಡಿಸಿ, ಒಂದು ಕ್ಷಣ ತೋರಿಸಿ ಮಡಿಸಿಕೊಳ್ಳುತ್ತದೆ. ಬಳಿಕ ಮತ್ತೊಂದು ಕಾಲು. ಇದನ್ನು ಕಂಡವರು ಅದಕ್ಕೆ ಕುಣಿಯುವ ಕಪ್ಪೆ ಎಂದು ಹೆಸರಿಟ್ಟರು.

ಆಕಾಶವಾಣಿಯ ಯಂತ್ರವು ದನಿಯನ್ನು ಮಾತ್ರ ಹೊತ್ತು ತರಬಲ್ಲುದು. ಆದಕಾರಣ ಸಿಳ್ಳಾರವನ್ನು ತಮ್ಮ ಮನೆಯ ಪಡಸಾಲೆಗೆ ಕರೆತರುವುದು ಕಷ್ಟವಲ್ಲ. ಕಾಲಿನಿಂದ ಮಾತನಾಡುವ ಈ ಕಪ್ಪೆಯನ್ನು ತರುವ ಬಗೆ ಹೇಗೆ? ಈ ತೊಡಕು ನಮ್ಮ ಯಂತ್ರದ್ದು ಮಾತ್ರವಲ್ಲ. ಮನುಷ್ಯನ ಗಮನವೂ ಹೀಗೆಯೇ ಕೆಲಸ ಮಾಡಿದೆ. ಹಾಡಿದ ಪ್ರಾಣಿಯನ್ನು ಅದು ಬೇಗ ಗುರುತಿಸಿತು. ಮೌನವಾಗಿ ಕಾಲು ನೀಡಿದುದನ್ನು ಬಹಳ ಕಾಲ ಕಾಣಲಿಲ್ಲ. ಇವೆರಡನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡುವುದು ಇಂದಿನ ಭಾಷಣದ ಉದ್ದೇಶ. ಎರಡು ಪ್ರಶ್ನೆಗಳನ್ನು ಕೇಳೋಣ. ಪ್ರಾಣಿಶಾಸ್ತ್ರದ ವಂಶಾವಳಿಯಲ್ಲಿ ಇವುಗಳ ಸ್ಥಾನ ಯಾವುದು? ಅಳಿವು ಉಳಿವಿನ ಲೆಕ್ಕದಲ್ಲಿ ಇವುಗಳ ಸ್ಥಿತಿ ಯಾವುದು? ಬೇರೆ ಬೇರೆಯೆಂದು ತೋರುವ ಈ ಎರಡು ಪ್ರಶ್ನೆಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆಯೆಂಬುದೇ ನಾನು ಹೇಳಬೇಕಾದ ಮುಖ್ಯ ವಿಷಯ.

ಮೊದಲು ವಂಶಾವಳಿ. ೧೭೫೮ರಲ್ಲಿ ಸ್ವೀಡನ್ ದೇಶದ ಲಿನೇಯಸನು ತನ್ನ ಪ್ರಸಿದ್ಧ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದನು. ನಮ್ಮ ಊರುಗಳಲ್ಲಿ ಮನೆತನದ ಹೆಸರೊಂದು, ವ್ಯಕ್ತಿಯ ಹೆಸರೊಂದು ಇರುವಂತೆ, ಇಲ್ಲಿ ಮೊದಲ ಪದವು ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುವುದು. ಹಲವು ಪ್ರಭೇದಗಳು ಸೇರಿ ಒಂದು ಜಾತಿ. ಜಾತಿಗಳು ಸೇರಿ ಕುಟುಂಬ. ಕುಟುಂಬಗಳು ಸೇರಿ ಗಣ. ಗಣಗಳು ಸೇರಿ ವರ್ಗ. ವರ್ಗಗಳು ಸೇರಿ ವಂಶ. ಹೀಗೆ ಏರುತ್ತ ಹೋದರೆ ಪ್ರಾಣಿಸಾಮ್ರಾಜ್ಯವೆಂಬ ಮಹಾವೃಕ್ಷದ ಬುಡವು ಸಿಕ್ಕುವುದು.

ಈ ಏಣಿಯನ್ನು ಮೇಲಿನಿಂದ ಇಳಿಯುತ್ತ ಬನ್ನಿ. ಸಿಳ್ಳಾರವೂ ಕುಣಿಯುವ ಕಪ್ಪೆಯೂ ಎರಡು ಮೆಟ್ಟಿಲುಗಳವರೆಗೆ ಜೊತೆಯಾಗಿಯೇ ಇಳಿಯುತ್ತವೆ. ಎರಡೂ ಪ್ರಾಣಿಗಳು, ಎರಡೂ ಬೆನ್ನುಮೂಳೆಯುಳ್ಳ ವಂಶಕ್ಕೆ ಸೇರಿದವು. ನಾವು ಕೂಡ ಅಲ್ಲಿಯವರೆಗೆ ಅವುಗಳ ಜೊತೆಗಾರರೇ. ಮೂರನೆಯ ಮೆಟ್ಟಿಲಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಪಕ್ಷಿವರ್ಗ, ಇನ್ನೊಂದು ಉಭಯಚರವರ್ಗ. ಈ ಕವಲು ನಿನ್ನೆ ಮೊನ್ನೆಯದಲ್ಲ. ಹಕ್ಕಿ, ಹಾವು, ಹಲ್ಲಿ, ಹಸು, ಮನುಷ್ಯ ಇವರೆಲ್ಲರ ಪೂರ್ವಜರೂ ಕಪ್ಪೆಗಳ ಪೂರ್ವಜರೂ ಬೇರೆಬೇರೆಯಾದದ್ದು ಸುಮಾರು ೩೫ ಕೋಟಿ ವರ್ಷಗಳ ಹಿಂದೆ ಎಂದು ಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಆದಕಾರಣ ಕಪ್ಪೆಯ ದೃಷ್ಟಿಯಿಂದ ನೋಡಿದರೆ ಸಿಳ್ಳಾರವೂ ತಾವೂ ನಾನೂ ಹತ್ತಿರದ ದಾಯಾದಿಗಳು!

ಇನ್ನೂ ಕೆಳಗೆ ಇಳಿಯೋಣ. ಸಿಳ್ಳಾರದ ಗಣವು ಕೊಂಬೆಯನ್ನು ಹಿಡಿದು ಕೂರುವ ಪಾದವುಳ್ಳ ಹಕ್ಕಿಗಳ ಗಣ. ಲೋಕದಲ್ಲಿರುವ ಸುಮಾರು ೧೧,೦೦೦ ಬಗೆಯ ಹಕ್ಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಗಣಕ್ಕೆ ಸೇರಿವೆ. ಗುಬ್ಬಚ್ಚಿ, ಕಾಗೆ, ಪಿಕಳಾರ, ಮಡಿವಾಳ ಎಲ್ಲವೂ ಇದರವೇ. ಕುಟುಂಬವು ನೊಣಹಿಡುಕಗಳ ಕುಟುಂಬ. ಅದರಲ್ಲಿ ೩೦೦ಕ್ಕೂ ಮಿಕ್ಕಿ ಪ್ರಭೇದಗಳಿವೆ. ಜಾತಿಯು ಮಯೋಫೋನಸ್, ಪ್ರಭೇದವು ಹಾರ್ಸ್‌ಫೀಲ್ಡಿಐ. ೧೮೩೧ರಲ್ಲಿ ವಿಗರ್ಸ್ ಎಂಬ ಪ್ರಾಣಿಶಾಸ್ತ್ರಜ್ಞನು, ಥಾಮಸ್ ಹಾರ್ಸ್‌ಫೀಲ್ಡ್ ಎಂಬ ತನ್ನ ಕಾಲದ ವಿದ್ವಾಂಸನ ನೆನಪಿಗಾಗಿ ಇಟ್ಟ ಹೆಸರಿದು.

ಕಪ್ಪೆಯ ಗಣವು ಬಾಲವಿಲ್ಲದ ಉಭಯಚರಗಳ ಗಣ. ಕಪ್ಪೆ, ನೆಲಗಪ್ಪೆ, ಮರಗಪ್ಪೆ ಎಲ್ಲವೂ ಅದರೊಳಗೆ ಬರುವುವು. ಆದರೆ ಕುಟುಂಬದ ಮೆಟ್ಟಿಲಿಗೆ ಬಂದೊಡನೆ ಒಂದು ಆಶ್ಚರ್ಯವು ನಮಗೆ ಎದುರಾಗುತ್ತದೆ. ಕುಣಿಯುವ ಕಪ್ಪೆಗಳ ಕುಟುಂಬದಲ್ಲಿ ಇರುವುದು ಒಂದೇ ಒಂದು ಜಾತಿ, ಮೈಕ್ರಿಕ್ಸಾಲಸ್. ಆ ಜಾತಿಯು ಪಶ್ಚಿಮ ಘಟ್ಟಗಳನ್ನು ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲಿಯೂ ಇಲ್ಲ. ನಮ್ಮ ಕಪ್ಪೆಯ ಪ್ರಭೇದದ ಹೆಸರು ಕೊಟ್ಟಿಗೆಹಾರೆನ್ಸಿಸ್. ಲ್ಯಾಟಿನ್ ಬಾಲವನ್ನು ಕಳೆದರೆ ಅಲ್ಲಿ ಉಳಿಯುವುದು ನಮ್ಮ ಘಟ್ಟದ ನೆತ್ತಿಯ ಊರೇ.

ವಂಶಾವಳಿಯನ್ನು ಹೀಗೆ ಸಲೀಸಾಗಿ ಓದಿಬಿಟ್ಟೆನಾದರೂ ಅದನ್ನು ಬರೆಯುವುದು ಸಲೀಸಾದ ಕೆಲಸವಲ್ಲ. ರೂಪವೂ ನಡತೆಯೂ ಪದೇ ಪದೇ ಮೋಸಗೊಳಿಸುತ್ತವೆ. ಸಿಳ್ಳಾರವನ್ನೇ ನೋಡಿರಿ. ಒಂದು ಗೇಣಿಗಿಂತ ತುಸು ಉದ್ದ, ಕಡುನೀಲಿ ಬೆರೆತ ಕಪ್ಪುಮೈ, ಹಣೆಯಲ್ಲಿಯೂ ಹೆಗಲಲ್ಲಿಯೂ ಹೊಳೆಯುವ ನೀಲಿಯ ಪಟ್ಟೆ, ಗಟ್ಟಿಯಾದ ಕಾಲು, ನೆಲದ ಮೇಲೆ ಕುಪ್ಪಳಿಸುವ ನಡಿಗೆ. ಇವನ್ನೆಲ್ಲ ಕಂಡು ಹಿಂದಿನವರು ಅದನ್ನು ನೆಲಸಿಳ್ಳಾರಗಳ ಕುಟುಂಬಕ್ಕೆ ಸೇರಿಸಿದ್ದರು. ಜೀವಕೋಶಗಳೊಳಗಿನ ಆನುವಂಶಿಕ ದ್ರವ್ಯವನ್ನು ಓದುವ ವಿದ್ಯೆ ಬಂದ ಮೇಲೆ, ಅದರ ರಕ್ತಸಂಬಂಧವು ನೊಣಹಿಡುಕಗಳ ಕಡೆಗೆಂದು ತಿಳಿದುಬಂದಿತು. ಹೊರಗಿನ ಹೋಲಿಕೆಯು ಸಮಾನವಾದ ಬದುಕಿನಿಂದ ಬಂದದ್ದೇ ಹೊರತು ಸಮಾನವಾದ ಹುಟ್ಟಿನಿಂದಲ್ಲ.

ಕಪ್ಪೆಯ ಕುಣಿತದ ಕತೆಯೂ ಅಂತಹುದೇ. ಕಾಲನ್ನು ಬಾವುಟದಂತೆ ಬೀಸುವ ಕಪ್ಪೆಗಳು ಬೋರ್ನಿಯೋ ದ್ವೀಪದಲ್ಲಿಯೂ ಉಂಟು, ದಕ್ಷಿಣ ಅಮೆರಿಕದ ಬ್ರೆಜಿಲಿನಲ್ಲಿಯೂ ಉಂಟು. ಆದರೆ ಅವು ನಮ್ಮ ಕಪ್ಪೆಗಳ ಹತ್ತಿರದ ನೆಂಟರಲ್ಲ. ಎಲ್ಲಿ ಹಳ್ಳದ ಸದ್ದು ಗಂಟಲಿನ ದನಿಯನ್ನು ನುಂಗುವುದೋ ಅಲ್ಲಿ ಕಣ್ಣಿಗೆ ಕಾಣುವ ಸನ್ನೆ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ದೂರದೂರದ ದೇಶಗಳಲ್ಲಿ ಒಂದೇ ಉಪಾಯವು ಬೇರೆಬೇರೆಯಾಗಿ ಹುಟ್ಟಿಕೊಂಡಿದೆ. ನಮ್ಮ ಕಪ್ಪೆಗೆ ದನಿ ಇಲ್ಲವೆಂದಲ್ಲ. ಅದು ಮೊದಲು ಕೂಗಿ ಎದುರಾಳಿಯ ಗಮನವನ್ನು ಸೆಳೆದು, ಬಳಿಕ ಕಾಲನ್ನು ನೀಡುತ್ತದೆ. ಹೆಣ್ಣನ್ನು ಮೆಚ್ಚಿಸುವ ನಾಟ್ಯ ಇದೆಂದು ನೋಡಿದವರಿಗೆ ತೋರಬಹುದು. ಸೂಕ್ಷ್ಮವಾಗಿ ಗಮನಿಸಿದವರು ಕಂಡದ್ದು, ಗಂಡು ಗಂಡಿಗೆ 'ಈ ಕಲ್ಲು ನನ್ನದು, ದೂರವಿರು' ಎಂದು ಹೇಳುವ ಸನ್ನೆಯನ್ನು.

ಇಬ್ಬರ ಸಂಸಾರವೂ ಹಳ್ಳವನ್ನೇ ನಂಬಿದೆ. ಸಿಳ್ಳಾರವು ಬಂಡೆಯ ಬಿರುಕಿನಲ್ಲಿ ಪಾಚಿ, ಬೇರು, ಕೆಸರುಗಳಿಂದ ಬಟ್ಟಲಿನಂತಹ ಗೂಡನ್ನು ಕಟ್ಟುತ್ತದೆ. ನೀರಂಚಿನ ಏಡಿ, ಹುಳು, ಎರೆ, ಕೆಲವು ವೇಳೆ ಸಣ್ಣ ಕಪ್ಪೆ, ಜೊತೆಗೆ ಕಾಡಿನ ಹಣ್ಣು, ಇದೇ ಅದರ ಆಹಾರ. ಕುಣಿಯುವ ಕಪ್ಪೆಯ ಹೆಣ್ಣು ಹಿಂಗಾಲಿನಿಂದ ಹಳ್ಳದ ತಳದ ಮರಳನ್ನು ಕೆದರಿ ಅಲ್ಲಿ ಮೊಟ್ಟೆಯಿಟ್ಟು ಮುಚ್ಚುವುದು. ಇದೇ ಜಾತಿಯ ಹೆರ್ರೈ ಎಂಬ ಪ್ರಭೇದದ ಗೊದಮೊಟ್ಟೆಗಳು ಹಳ್ಳದ ಜಲ್ಲಿಯೊಳಗೆ ಹೂತುಕೊಂಡು, ಹಾವುಮೀನಿನಂತೆ ನುಲಿಯುತ್ತ, ಕಣ್ಣಿನ ಮೇಲೆ ಚರ್ಮದ ಹೊದಿಕೆಯನ್ನು ಹೊದ್ದು ಬೆಳೆಯುವುವೆಂದು ೨೦೧೬ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಈ ಕುಟುಂಬದ ಗೊದಮೊಟ್ಟೆಯ ಬಾಳು ಶಾಸ್ತ್ರಕ್ಕೆ ಗುಟ್ಟಾಗಿಯೇ ಉಳಿದಿತ್ತು.

ಈಗ ಹೆಸರಿನ ಕತೆಗೆ ಬರೋಣ. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಲೀಂ ಅಲಿಯವರು ೧೯೩೯-೪೦ರಲ್ಲಿ ಊರೂರು ತಿರುಗಿ ಸಮೀಕ್ಷೆ ಮಾಡಿದರು. ಅದರ ಫಲವು ೧೯೪೨-೪೩ರಲ್ಲಿ ಬೊಂಬಾಯಿಯ ಪ್ರಕೃತಿ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಿಳ್ಳಾರದಂತಹ ಹಕ್ಕಿಗೆ ಆ ಹೊತ್ತಿಗಾಗಲೇ ನೂರು ವರ್ಷಗಳ ದಾಖಲೆಯಿತ್ತು. ಬೇಟೆಗಾರರು, ತೋಟದ ದೊರೆಗಳು, ಅರಣ್ಯಾಧಿಕಾರಿಗಳು, ಪಂಜರದಲ್ಲಿ ಸಾಕಿ ಅದಕ್ಕೆ ರಾಗ ಕಲಿಸಿದವರು, ಎಲ್ಲರೂ ಅದನ್ನು ಬಲ್ಲವರು. ಹಕ್ಕಿಗೆ ಜನ ಬಳಗ ದೊಡ್ಡದು.

ಕಪ್ಪೆಗಳಿಗೆ ಇದ್ದ ಬಳಗ ಅತಿ ಚಿಕ್ಕದು. ಆ ಚಿಕ್ಕ ಬಳಗದಲ್ಲಿ ಪೂಜ್ಯವಾದ ಹೆಸರೊಂದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರದು. ೧೯೩೨ರಲ್ಲಿ ಹುಟ್ಟಿದ 'ಕರೆಂಟ್ ಸೈನ್ಸ್' ಪತ್ರಿಕೆಗೆ ಮೊದಲ ಸಂಪಾದಕರಾಗಿದ್ದವರೂ ಅವರೇ. ೧೯೩೭ರಲ್ಲಿ ಅವರು ದಕ್ಷಿಣ ಭಾರತದ ಕಪ್ಪೆಗಳ ಕೆಲವು ಹೊಸ ರೂಪಗಳನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಆಗಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರದ ಕಪ್ಪೆಗೆ ಶಾಸ್ತ್ರೀಯ ನಾಮಕರಣವಾದದ್ದು ಆ ಲೇಖನದಲ್ಲಿ. ಅವರು ಮೊದಲು ಅದನ್ನು ಬೇರೊಂದು ಜಾತಿಯಲ್ಲಿ ಇಟ್ಟಿದ್ದರು. ಮುಂದೆ ಅದು ಮೈಕ್ರಿಕ್ಸಾಲಸ್ ಜಾತಿಗೆ ವರ್ಗವಾಯಿತು. ಶಾಸ್ತ್ರದಲ್ಲಿ ಇಂತಹ ವರ್ಗಾವಣೆ ಲಜ್ಜೆಯ ಸಂಗತಿಯಲ್ಲ, ದಿನನಿತ್ಯದ ವ್ಯವಹಾರ.

ದುಃಖದ ಸಂಗತಿ ಬೇರೆಯಿದೆ. ಒಂದು ಪ್ರಭೇದಕ್ಕೆ ಹೆಸರಿಡುವಾಗ ಯಾವ ಪ್ರಾಣಿಯನ್ನು ಮುಂದಿಟ್ಟುಕೊಂಡು ವರ್ಣಿಸಿದರೋ ಆ ಪ್ರಾಣಿಯ ದೇಹವನ್ನು ಸೀಸೆಯಲ್ಲಿಟ್ಟು ಕಾಪಾಡುವುದು ಶಾಸ್ತ್ರದ ನಿಯಮ. ಅದಕ್ಕೆ ಮೂಲಮಾದರಿ ಎನ್ನಬಹುದು. ಜಮೀನಿನ ಗಡಿಯ ವಿಷಯದಲ್ಲಿ ವ್ಯಾಜ್ಯ ಬಂದಾಗ ಮೂಲಪತ್ರವನ್ನು ತೆಗೆದು ನೋಡುವಂತೆ, ಹೆಸರಿನ ವಿಷಯದಲ್ಲಿ ಸಂದೇಹ ಬಂದಾಗ ಆ ಮಾದರಿಯನ್ನು ತೆಗೆದು ನೋಡಬೇಕು. ನಾರಾಯಣರಾಯರು ವರ್ಣಿಸಿದ ಕಪ್ಪೆಗಳ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದುವು. ಉಳಿದದ್ದು ಅಚ್ಚಾದ ವರ್ಣನೆ ಮಾತ್ರ. ಕುಣಿಯುವ ಕಪ್ಪೆಗಳಾದರೋ ಒಂದಕ್ಕೊಂದು ಎಷ್ಟು ಹೋಲುತ್ತವೆಯೆಂದರೆ ಬರಿಯ ವರ್ಣನೆಯಿಂದ ತೀರ್ಮಾನವಾಗುವಂತಿಲ್ಲ. ಹೀಗಾಗಿ ಎಷ್ಟೋ ಹಳ್ಳಗಳ ಕಪ್ಪೆಗಳು ಹಲವು ದಶಕಗಳ ಕಾಲ ಪರರ ಹೆಸರಿನಲ್ಲಿ ಬಾಳಿದುವು. ಕೊಟ್ಟಿಗೆಹಾರದ ಕಪ್ಪೆಯ ಕುಣಿತವನ್ನು ಕುರಿತು ೨೦೧೩ರಲ್ಲಿ ಬಂದ ಸಂಶೋಧನಾ ಲೇಖನದಲ್ಲಿಯೂ ಅದಕ್ಕೆ ಅದರ ಸ್ವಂತ ಹೆಸರಿರಲಿಲ್ಲ. 'ಸಾಕ್ಸಿಕೋಲಾ ಎಂಬ ಪ್ರಭೇದಕ್ಕೆ ಹತ್ತಿರವಾದದ್ದು' ಎಂದು ಮಾತ್ರ ಬರೆಯಬೇಕಾಯಿತು. ೨೦೧೪ರಲ್ಲಿ ಎಸ್. ಡಿ. ಬಿಜು ಅವರೂ ಅವರ ಸಂಗಡಿಗರೂ ಈ ಜಾತಿಯನ್ನು ಸಮಗ್ರವಾಗಿ ಪರಿಶೀಲಿಸಿ ೧೪ ಹೊಸ ಪ್ರಭೇದಗಳನ್ನು ಹೆಸರಿಸಿದರು. ಒಟ್ಟು ಸಂಖ್ಯೆ ೨೪ಕ್ಕೆ ಏರಿತು. ನಾರಾಯಣರಾಯರ ಗೌರವಾರ್ಥವಾಗಿ ೨೦೧೦ರಲ್ಲಿಯೇ ಪೊದೆಗಪ್ಪೆಗಳ ಒಂದು ಜಾತಿಗೆ 'ರಾವೋರ್ಕೆಸ್ಟಿಸ್' ಎಂದು ಹೆಸರಿಡಲಾಗಿತ್ತು.

ಹೆಸರಿನ ಈ ಜಗಳವು ಪಂಡಿತರ ಕಾಲಹರಣವಲ್ಲವೆ, ಇದರಿಂದ ಕಪ್ಪೆಗೇನು ಲಾಭ, ಎಂದು ತಾವು ಕೇಳಬಹುದು. ಉತ್ತರಕ್ಕಾಗಿ ನಮ್ಮ ಎರಡನೆಯ ಪ್ರಶ್ನೆಗೆ ಹೋಗಬೇಕು.

೧೯೪೮ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋ ನಗರದಲ್ಲಿ ಪ್ರಕೃತಿರಕ್ಷಣೆಗಾಗಿ ಅಂತರರಾಷ್ಟ್ರೀಯ ಒಕ್ಕೂಟವೊಂದು ಸ್ಥಾಪಿತವಾಯಿತು. ಅಳಿವಿನ ಭಯದಲ್ಲಿರುವ ಜೀವಿಗಳ 'ಕೆಂಪು ಪಟ್ಟಿ'ಯನ್ನು ಆ ಒಕ್ಕೂಟವು ೧೯೬೪ರಿಂದ ನಡೆಸಿಕೊಂಡು ಬಂದಿದೆ. ವೈದ್ಯನು ರೋಗಿಗಳನ್ನು ನೋಡುವಾಗ ಯಾರಿಗೆ ತಡೆಯಬಹುದು, ಯಾರಿಗೆ ತಡೆಯಲಾಗದು ಎಂದು ಬೇರ್ಪಡಿಸುವಂತೆ ಈ ಪಟ್ಟಿಯೂ ಪ್ರಭೇದಗಳನ್ನು ತರಗತಿಗಳಾಗಿ ಬೇರ್ಪಡಿಸುತ್ತದೆ. ಸದ್ಯಕ್ಕೆ ಹೆಚ್ಚು ಚಿಂತೆ ಬೇಡವಾದವು, ಅಪಾಯದ ಸಮೀಪಕ್ಕೆ ಬಂದವು, ದುರ್ಬಲವಾದವು, ಅಳಿವಿನಂಚಿನವು, ತೀವ್ರ ಅಳಿವಿನಂಚಿನವು, ಕೊನೆಗೆ ಅಳಿದೇ ಹೋದವು. ಇವಲ್ಲದೆ ವಿವರ ಸಾಲದೆಂದು ತೀರ್ಪನ್ನು ತಡೆಹಿಡಿದವುಗಳ ಗುಂಪೊಂದು ಬೇರೆ ಉಂಟು.

ತೀರ್ಪು ಊಹೆಯಿಂದ ಆಗತಕ್ಕದ್ದಲ್ಲ, ಅದಕ್ಕೆ ಅಳತೆಗೋಲುಗಳಿವೆ. ಹತ್ತು ವರ್ಷಗಳಲ್ಲಿ, ಅಥವಾ ಮೂರು ತಲೆಮಾರುಗಳಲ್ಲಿ, ಸಂಖ್ಯೆ ಎಷ್ಟು ಪಾಲು ಕುಗ್ಗಿತು? ಬದುಕಿರುವ ಪ್ರದೇಶದ ವಿಸ್ತಾರವೆಷ್ಟು? ಆ ಪ್ರದೇಶವು ಒಡೆದು ಚೂರಾಗಿದೆಯೆ, ಇನ್ನೂ ಕ್ಷಯಿಸುತ್ತಿದೆಯೆ? ಇಂತಹ ಕ್ಷಯದ ಲಕ್ಷಣಗಳ ಜೊತೆಗೆ ವಿಸ್ತಾರವು ೨೦,೦೦೦ ಚದರ ಕಿಲೋಮೀಟರಿಗಿಂತ ಕಡಿಮೆಯಾದರೆ ದುರ್ಬಲ, ೫,೦೦೦ಕ್ಕಿಂತ ಕಡಿಮೆಯಾದರೆ ಅಳಿವಿನಂಚು, ೧೦೦ಕ್ಕಿಂತ ಕಡಿಮೆಯಾದರೆ ತೀವ್ರ ಅಳಿವಿನಂಚು.

ಸಿಳ್ಳಾರವನ್ನು ಈ ಕೋಲಿನಿಂದ ಅಳೆದರೆ ಅದು ಚಿಂತೆ ಬೇಡದ ತರಗತಿಯಲ್ಲಿ ನಿಲ್ಲುತ್ತದೆ. ಪಶ್ಚಿಮ ಘಟ್ಟಗಳ ಉದ್ದಕ್ಕೂ, ಅದರಾಚೆ ಸಾತ್ಪುರ ಬೆಟ್ಟಗಳಲ್ಲಿಯೂ ಪೂರ್ವಘಟ್ಟಗಳ ಕೆಲವೆಡೆಗಳಲ್ಲಿಯೂ ಅದು ಉಂಟು. ಕಾಫಿಯ ತೋಟವಾದರೂ ಆದೀತು, ಸೇತುವೆಯ ಕೆಳಗಣ ಸಂದಾದರೂ ಆದೀತು, ಹೇಗೋ ಹೊಂದಿಕೊಂಡು ಬಾಳುತ್ತದೆ. ಹಳ್ಳವೊಂದು ಬತ್ತಿದರೆ ರೆಕ್ಕೆ ಬಿಚ್ಚಿ ಮುಂದಿನ ಹಳ್ಳಕ್ಕೆ ಹೋಗುತ್ತದೆ. ಅದರ ಮೈಯನ್ನು ಗರಿಗಳು ಕಾಯುತ್ತವೆ, ಮರಿಯನ್ನು ಮೊಟ್ಟೆಯ ಚಿಪ್ಪು ಕಾಯುತ್ತದೆ.

ಕಪ್ಪೆಗೆ ಈ ರಕ್ಷೆಗಳಾವುವೂ ಇಲ್ಲ. ಅದು ತೆಳ್ಳನೆಯ ಒದ್ದೆ ಚರ್ಮದ ಮೂಲಕವೂ ಉಸಿರಾಡುತ್ತದೆ. ಆ ಚರ್ಮದ ಮೂಲಕವೇ ನೀರನ್ನು ಹೀರುತ್ತದೆ. ಆದ್ದರಿಂದ ನೀರಿಗೆ ಬೆರೆತ ವಿಷವೂ ಗಾಳಿಯ ಶುಷ್ಕತೆಯೂ ಅದರ ಒಳಗನ್ನು ನೇರವಾಗಿ ಮುಟ್ಟುವುವು. ೧೯೯೯ರಲ್ಲಿ ಹೆಸರು ಪಡೆದ ಶಿಲೀಂಧ್ರವೊಂದು ಮಧ್ಯ ಅಮೆರಿಕ, ಆಸ್ಟ್ರೇಲಿಯ ಮೊದಲಾದೆಡೆಗಳಲ್ಲಿ ಕಪ್ಪೆಗಳ ಚರ್ಮವನ್ನೇ ಹಿಡಿದು ಎಷ್ಟೋ ಪ್ರಭೇದಗಳನ್ನು ನೆಲಸಮ ಮಾಡಿತು. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಹಳ್ಳದ ತಳದ ಮರಳು ಕದಡಿದರೆ, ಹೂಳು ತುಂಬಿದರೆ, ನೀರು ಅಕಾಲದಲ್ಲಿ ಬತ್ತಿದರೆ, ಆ ವರ್ಷದ ಪೀಳಿಗೆಯೇ ಇಲ್ಲ. ಹಾರಿ ಬೇರೆಡೆಗೆ ಹೋಗುವ ಮಾತಂತೂ ದೂರ. ೨೦೦೪ರಲ್ಲಿ ಲೋಕದ ಉಭಯಚರಗಳ ಸ್ಥಿತಿಯನ್ನು ಮೊದಲ ಬಾರಿಗೆ ಒಟ್ಟಾಗಿ ಗಣಿಸಿದಾಗ, ಕೊಟ್ಟಿಗೆಹಾರದ ಕಪ್ಪೆಯನ್ನು ತೀವ್ರ ಅಳಿವಿನಂಚಿನ ತರಗತಿಗೆ ಸೇರಿಸಲಾಯಿತು.

ಆ ಗಣನೆಯಲ್ಲಿ ಲೋಕದ ಉಭಯಚರಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಅಪಾಯದಲ್ಲಿರುವುದು ಕಂಡುಬಂದಿತ್ತು. ೨೦೨೩ರಲ್ಲಿ ಪ್ರಕಟವಾದ ಎರಡನೆಯ ಗಣನೆಯು ೮,೦೧೧ ಪ್ರಭೇದಗಳನ್ನು ನೋಡಿ, ಐದರಲ್ಲಿ ಎರಡು ಪಾಲು ಅಪಾಯದಲ್ಲಿವೆಯೆಂದು ಸಾರಿತು. ಹಕ್ಕಿಗಳಲ್ಲಿ ಈ ಪ್ರಮಾಣವು ಎಂಟರಲ್ಲಿ ಒಂದು. ಕುಣಿಯುವ ಕಪ್ಪೆಗಳ ೨೪ ಪ್ರಭೇದಗಳಲ್ಲಿ ೨ ತೀವ್ರ ಅಳಿವಿನಂಚಿನವು, ೧೫ ಅಳಿವಿನಂಚಿನವು. ದುರ್ಬಲವಾದುವನ್ನೂ ಸೇರಿಸಿದರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪಾಲು ಭಯಕ್ಕೆ ಒಳಗಾಗಿವೆ. ಇಷ್ಟು ಕಷ್ಟದಲ್ಲಿರುವ ಜಾತಿಗಳು ಲೋಕದಲ್ಲಿಯೇ ಕೆಲವು.

ಈಗ ಮೊದಲಿನ ಸಂದೇಹಕ್ಕೆ ಉತ್ತರ ಹೇಳಬಹುದು. ೧೪ ಪ್ರಭೇದಗಳಿಗೆ ೨೦೧೪ರವರೆಗೆ ಹೆಸರೇ ಇರಲಿಲ್ಲವಷ್ಟೆ. ಆಗ ಬೇರೆಬೇರೆ ಬೆಟ್ಟಗಳ ಬೇರೆಬೇರೆ ಕಪ್ಪೆಗಳನ್ನೆಲ್ಲ ಒಂದೇ ಹೆಸರಿನ ಕೆಳಗೆ ಕೂಡಿಸಿದರೆ ಬರುವ ಮೊತ್ತ ದೊಡ್ಡದು, ಹರಡಿರುವ ನೆಲವೂ ವಿಶಾಲ. 'ಇದು ಎಲ್ಲೆಡೆಯೂ ಇದೆ, ಚಿಂತೆ ಏತಕ್ಕೆ?' ಎಂದು ಪಟ್ಟಿಯು ಹೇಳುತ್ತದೆ. ಅದೇ ಕಪ್ಪೆಗಳನ್ನು ಅವುಗಳ ನಿಜವಾದ ಹೆಸರಿನಲ್ಲಿ ಬಿಡಿಸಿ ಎಣಿಸಿದಾಗ, ಒಂದೊಂದಕ್ಕೂ ಇರುವುದು ಒಂದೆರಡು ಬೆಟ್ಟಗಳ ಕೆಲವು ಹಳ್ಳಗಳು ಮಾತ್ರವೆಂದು ತಿಳಿಯುತ್ತದೆ. ಪ್ರಾಣಿ ಬದಲಾಗಲಿಲ್ಲ, ಹಳ್ಳ ಬದಲಾಗಲಿಲ್ಲ. ವರ್ಗೀಕರಣ ಬದಲಾದದ್ದರಿಂದ ಮುಚ್ಚಿಹೋಗಿದ್ದ ಅಪಾಯವು ಕಣ್ಣಿಗೆ ಕಂಡಿತು. ಹೆಸರಿಲ್ಲದ ಜೀವಿಯು ಯಾವ ಪಟ್ಟಿಗೂ ಸೇರದು. ಪಟ್ಟಿಯಲ್ಲಿಲ್ಲದ ಜೀವಿಯ ಅಳಿವು ಯಾರ ಗಮನಕ್ಕೂ ಬಾರದು.

ಹಕ್ಕಿಗಳಲ್ಲಿಯೂ ಇಂತಹ ದೃಷ್ಟಾಂತವುಂಟು. ಸಿಳ್ಳಾರದ ಕುಟುಂಬದ್ದೇ ಆದ, ಎತ್ತರದ ಬೆಟ್ಟಗಳ ಶೋಲಾ ಕಾಡಿನಲ್ಲಿ ಅಡಗಿ ಬಾಳುವ ನೀಲಿಯ ಪುಟ್ಟ ಹಕ್ಕಿಯೊಂದಿದೆ. ನೀಲಗಿರಿಯಿಂದ ನಮ್ಮ ಬಾಬಾಬುಡನ್ ಗಿರಿಯವರೆಗೆ ಇರುವ ಹಕ್ಕಿಗಳನ್ನೂ ಪಾಲ್ಘಾಟ್ ಕಣಿವೆಯ ದಕ್ಷಿಣಕ್ಕಿರುವ ಹಕ್ಕಿಗಳನ್ನೂ ಬಹುಕಾಲ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. ೨೦೦೫ರಲ್ಲಿ ರಾಸ್ಮುಸೆನ್ ಮತ್ತು ಆಂಡರ್ಟನ್ ಎಂಬ ವಿದ್ವಾಂಸರು ಅವನ್ನು ಎರಡಾಗಿ ಬೇರ್ಪಡಿಸಿದರು. ೨೦೧೭ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು, ಇವಕ್ಕೆ ತಮ್ಮದೇ ಆದ ಜಾತಿಯುಂಟೆಂದು ಕಂಡುಕೊಂಡು ಶೋಲಿಕೋಲಾ ಎಂಬ ಹೊಸ ಹೆಸರನ್ನು ಕೊಟ್ಟರು. ಉತ್ತರದ ಹಕ್ಕಿಯು ಅಳಿವಿನಂಚಿನದೆಂದು ಪ್ರತ್ಯೇಕವಾಗಿ ಎಣಿಕೆಗೆ ಬಂದದ್ದು ಹೀಗೆ ಬೇರ್ಪಟ್ಟ ಬಳಿಕ.

ಇನ್ನೊಂದು ಮಾತು. ಕೆಂಪು ಪಟ್ಟಿಯು ಅಪಾಯದ ಪ್ರಮಾಣವನ್ನು ಹೇಳುವುದೇ ಹೊರತು ನಷ್ಟದ ಭಾರವನ್ನು ಹೇಳುವುದಿಲ್ಲ. ಭಾರವನ್ನು ತಿಳಿಯಬೇಕಾದರೆ ಮತ್ತೆ ವಂಶಾವಳಿಯನ್ನೇ ತೆರೆಯಬೇಕು. ದೇವರು ಹಾಗೆ ಮಾಡದಿರಲಿ, ಸಿಳ್ಳಾರವು ಅಳಿದರೆ ನಮ್ಮ ಬೆಳಗಿನ ಹಾಡು ಹೋದೀತು. ಆ ದುಃಖ ಸಣ್ಣದಲ್ಲ. ಆದರೂ ಅದರ ಜಾತಿಯ ಬೇರೆ ಪ್ರಭೇದಗಳು ಹಿಮಾಲಯದಲ್ಲಿಯೂ ಸಿಂಹಳದಲ್ಲಿಯೂ ಜಾವಾದಲ್ಲಿಯೂ ಉಳಿದಿರುತ್ತವೆ. ೩೦೦ಕ್ಕೂ ಮಿಕ್ಕ ಕುಟುಂಬ ಉಳಿದಿರುತ್ತದೆ. ಕುಣಿಯುವ ಕಪ್ಪೆಗಳು ಪಶ್ಚಿಮ ಘಟ್ಟಗಳಲ್ಲಿ ಅಳಿದರೆ ಅವುಗಳ ಜಾತಿಯೊಡನೆ ಕುಟುಂಬವೂ ಅಳಿಯುವುದು. ಕೋಟ್ಯಂತರ ವರ್ಷಗಳ ಕಾಲ ಪ್ರತ್ಯೇಕವಾಗಿ ಬೆಳೆದು ಬಂದ ಕೊಂಬೆಯೊಂದು ಬುಡದಲ್ಲಿಯೇ ಮುರಿದಂತಾಗುವುದು. ಆ ಕೊಂಬೆಯ ಚಿಗುರು ಲೋಕದ ಬೇರೆ ಯಾವ ಮೂಲೆಯಲ್ಲಿಯೂ ಸಿಕ್ಕದು.

ಹಾಗಾದರೆ ಮಾಡತಕ್ಕದ್ದೇನು? ಪ್ರಾಣಿಯನ್ನು ಹಿಡಿಯುವುದೂ ಕೊಲ್ಲುವುದೂ ತೊಂದರೆಗೆ ಕಾರಣವಾಗಿರುವ ಕಡೆ ಕಾನೂನು ನೆರವಾಗುತ್ತದೆ. ಭಾರತದ ಕಾಡುಹಕ್ಕಿಗಳನ್ನು ಹಿಡಿದು ಪಂಜರದಲ್ಲಿಟ್ಟು ಮಾರುವ ವ್ಯಾಪಾರವನ್ನು ೧೯೭೨ರ ವನ್ಯಜೀವಿ ಕಾಯಿದೆಯೂ ಅದರ ಮುಂದಿನ ತಿದ್ದುಪಡಿಗಳೂ ನಿಷೇಧಿಸಿದುವು. ಗದ್ದೆಯ ದೊಡ್ಡ ಕಪ್ಪೆಗಳನ್ನು ಹಿಡಿದು ಅವುಗಳ ಕಾಲನ್ನು ಹೊರದೇಶಗಳಿಗೆ ಕಳುಹಿಸುತ್ತಿದ್ದ ವ್ಯಾಪಾರವನ್ನು ೧೯೮೭ರಲ್ಲಿ ನಿಲ್ಲಿಸಲಾಯಿತು. ಆದರೆ ಕುಣಿಯುವ ಕಪ್ಪೆಯನ್ನು ಯಾರೂ ಬೇಟೆಯಾಡುವುದಿಲ್ಲ, ಯಾರೂ ಮಾರುವುದಿಲ್ಲ. ಅದಕ್ಕೆ ವೈರಿಯೆಂದು ಬೆರಳಿಟ್ಟು ತೋರಿಸಬಹುದಾದ ಮನುಷ್ಯನಿಲ್ಲ. ಹಳ್ಳಕ್ಕೆ ಕಟ್ಟಿದ ಒಡ್ಡು, ವಿದ್ಯುತ್ತಿಗಾಗಿ ತಿರುಗಿಸಿದ ನೀರು, ದಡದ ಮರಗಳನ್ನು ಕಡಿದು ಬಿಸಿಲಿಗೆ ತೆರೆದ ಬಂಡೆ, ತೋಟದಿಂದ ಹರಿದು ಬರುವ ಔಷಧಿಯ ನೀರು, ಸೊಳ್ಳೆಯ ನಿವಾರಣೆಗೆಂದು ತಂದು ಬಿಟ್ಟ ಪರದೇಶದ ಮೀನು, ಹೊತ್ತು ತಪ್ಪಿದ ಮಳೆ, ಇವು ಅದರ ವೈರಿಗಳು. ಇವುಗಳಲ್ಲಿ ಬಹುಪಾಲು ನಾವು ಬೇರೆ ಉದ್ದೇಶಕ್ಕಾಗಿ, ಸದುದ್ದೇಶದಿಂದಲೇ, ಮಾಡಿದ ಕಾರ್ಯಗಳು. ಆದ್ದರಿಂದಲೇ ಕೊಲ್ಲಬೇಡವೆಂಬ ಕಾನೂನಿನಿಂದ ಈ ಕಪ್ಪೆ ಉಳಿಯದು. ಹಳ್ಳವು ಹಳ್ಳವಾಗಿ ಉಳಿದರೆ ಮಾತ್ರ ಉಳಿದೀತು.

ನಗರದಲ್ಲಿರುವ ನಮಗೂ ಇದರಲ್ಲಿ ಪಾಲುಂಟು. ನಾವು ಕುಡಿಯುವ ನೀರು ಹುಟ್ಟುವುದು ಅಂತಹ ಬೆಟ್ಟಗಳಲ್ಲಿಯೇ. ಘಟ್ಟಕ್ಕೆ ವಿಹಾರಾರ್ಥವಾಗಿ ಹೋದಾಗ ಹಳ್ಳದ ಕಲ್ಲನ್ನು ಕದಲಿಸದೆ, ನೀರಿಗೆ ಸಾಬೂನನ್ನೂ ಕಸವನ್ನೂ 'ಇಷ್ಟರಿಂದ ಏನಾದೀತು' ಎಂದು ಬಿಡದೆ ಬರುವುದು ದೊಡ್ಡ ತ್ಯಾಗವೇನೂ ಅಲ್ಲ. ಅದಕ್ಕಿಂತ ಹೆಚ್ಚಿನದು, ನಮ್ಮ ಕಾಲೇಜುಗಳ ವಸ್ತುಸಂಗ್ರಹಗಳಲ್ಲಿ ಧೂಳು ಹಿಡಿಯುತ್ತಿರುವ ಸೀಸೆಗಳ ಕಡೆಗೆ ಗಮನ ಕೊಡುವುದು. ಒಂದು ಸೀಸೆ ಒಡೆದು, ಒಂದು ಚೀಟಿ ಕಿತ್ತುಹೋದರೆ, ಒಬ್ಬ ವಿದ್ವಾಂಸನ ಜೀವಮಾನದ ಶ್ರಮವೂ ಒಂದು ಪ್ರಾಣಿಯ ಗುರುತಿನ ಪತ್ರವೂ ಒಟ್ಟಿಗೇ ನಷ್ಟವಾಗುವುವೆಂಬುದನ್ನು ನಾರಾಯಣರಾಯರ ಕಪ್ಪೆಗಳ ಕತೆಯಿಂದ ನಾವು ಕಲಿತಿದ್ದೇವೆ.

ಮುಂದಿನ ಸಲ ತಾವು ಘಟ್ಟವನ್ನು ಇಳಿಯುವಾಗ ಸಿಳ್ಳಾರದ ದನಿ ಕೇಳಿದರೆ ಒಂದು ಕ್ಷಣ ನಿಂತು ಆಲಿಸಿರಿ. ಅದರ ಹಾಡು ತಾನಾಗಿಯೇ ತಮ್ಮ ಕಿವಿಗೆ ಬರುವುದು. ಬಳಿಕ ಕಣ್ಣನ್ನು ತುಸು ಕೆಳಕ್ಕೆ ಇಳಿಸಿ, ನೀರು ಚಿಮ್ಮುವ ಕಲ್ಲಿನ ಅಂಚನ್ನು ತಾಳ್ಮೆಯಿಂದ ನೋಡಿರಿ. ಅಲ್ಲಿ ಪುಟ್ಟ ಕಾಲೊಂದು ಬಿಳಿಯ ಬಾವುಟದಂತೆ ಬಿಚ್ಚಿ ಮಡಿಸಿಕೊಂಡೀತು. ಹಕ್ಕಿಯ ಮಾತನ್ನು ಕೇಳಿಸಿಕೊಳ್ಳಲು ಕಿವಿಯೊಂದಿದ್ದರೆ ಸಾಕು. ಕಪ್ಪೆಯ ಮಾತನ್ನು ತಿಳಿಯಬೇಕಾದರೆ ಅದನ್ನು ಹುಡುಕಬೇಕು, ಗುರುತಿಸಬೇಕು, ಅದರ ಹೆಸರಿನಿಂದ ಕರೆಯಬೇಕು.